ನೀವೇ ನೋಡಿ ಬಡಿಸಿ

"ಮಾವ, ಮೀನು, ಏಡಿ, ಮೊಟ್ಟೆ ಇದ್ರಲ್ಲಿ ನಿಮ್ಮ ಮೈಗೆ ಆಗದೇ ಇರೋದು ಯಾವುದಾದ್ರೂ ಇದೆಯಾ?"

ಅಳಿಯ ಬೆಂಗಳೂರಿನಿಂದ ಫೋನು ಮಾಡಿ ಹೀಗೆ ಕೇಳಿದಾಗ ನಾನು ಆಲ್ದೂರು ಪೇಟೆಯಲ್ಲಿ ಮೀನಿನವನ ಗಾಡಿ ಮುಂದೆ ನಿಂತು, ಚಾರ್ಮಾಡಿ ಘಾಟಿ ಹತ್ತಿ ಬಂದ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಅರವತ್ತೆರಡು ವರ್ಷ ಇದನ್ನೇ ತಿಂದು ಬೆಳೆದ ಮೈಯನ್ನು ಈವರೆಗೆ ಯಾರೂ ಹೀಗೆ ವಿಚಾರಿಸಿರಲಿಲ್ಲ. "ಮೀನು ಆಗುತ್ತೆ ಮಾರಾಯ, ಮೀನಿನ ರೇಟು ಆಗಲ್ಲ" ಅಂದೆ. ಆ ಕಡೆಯಿಂದ ನಗು ಬರಲಿಲ್ಲ. ಅವನು ಎಂತದೋ ಫಾರಂ ತುಂಬುತ್ತಿದ್ದ. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು, ಸಂಜೆ ಏಳು ಗಂಟೆ, ನಾಲ್ಕು ಜನ, ಜಪಾನಿ ಊಟ. ನಮ್ಮ ಮದುವೆಯ ದಿನಕ್ಕೆ ಮಗಳು, ಅಳಿಯ ಸೇರಿ ಕೊಡುವ ಉಡುಗೊರೆಯಂತೆ.

"ಒಂದು ಊಟಕ್ಕೆ ಒಂದು ತಿಂಗಳ ಮುಂಚೆ ಯಾಕಪ್ಪಾ?"

"ಬರೀ ಎಂಟು ಸೀಟು ಮಾವ. ಸಿಕ್ಕಿದ್ದೇ ಪುಣ್ಯ."

ಎಂಟು ಸೀಟು! ನಮ್ಮೂರಲ್ಲಿ ಕಾಫಿ ಕುಯ್ಲಿಗೆ ಹೊರಟ ಒಂದು ಜೀಪಿನಲ್ಲಿ ಅದರ ಎರಡರಷ್ಟು ಜನ ಕೂತಿರುತ್ತಾರೆ, ಬುತ್ತಿ ಸಮೇತ. ಮನೆಗೆ ಬಂದು ನಮ್ಮವಳಿಗೆ ಸುದ್ದಿ ಹೇಳಿದೆ. ಆ ಊಟಕ್ಕೆ ಒಮಕಾಸೆ ಅನ್ನುತ್ತಾರಂತೆ ಅಂದೆ. "ಓಂ ಕಾಸೇ?" ಅಂದಳು. "ಮಂತ್ರದ ಹಾಗಿದೆಯಲ್ರೀ. ಓಂ ಕಾಸೇ ನಮಃ." ಬಿಲ್ಲು ನೋಡುವ ಮೊದಲೇ ಅವಳಿಗೆ ಅರ್ಥವಾಗಿತ್ತು ಅಂತ ಕಾಣುತ್ತೆ.

ಒಮಕಾಸೆ ಅಂದರೆ ‘ನಿಮಗೆ ಬಿಟ್ಟದ್ದು’ ಅಂತ. ಅಲ್ಲಿ ಮೆನು ಕಾರ್ಡ್ ಇರುವುದಿಲ್ಲ. ನೀವು ಹೋಗಿ ಕೂರುತ್ತೀರಿ, ಬಾಣಸಿಗ ಎದುರಿಗೆ ನಿಂತು, ಅವತ್ತು ಏನು ಚೆನ್ನಾಗಿದೆಯೋ ಅದನ್ನು ತನಗೆ ತೋಚಿದ ಕ್ರಮದಲ್ಲಿ ಒಂದೊಂದೇ ಮುಂದಿಡುತ್ತಾನೆ. ಇದು ಬೇಡ, ಅದು ತನ್ನಿ ಅನ್ನುವ ಹಾಗಿಲ್ಲ. ಅಳಿಯ ಇಷ್ಟನ್ನೂ ಫೋನಿನಲ್ಲಿ ಬಿಡಿಸಿ ಹೇಳಿದ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮವಳು ಸೌಟು ಹಿಡಿದೇ ಹೊರಗೆ ಬಂದಳು.

"ಇದಕ್ಕೆ ದುಡ್ಡು ಬೇರೆ ಕೊಡ್ತಾರಾ? ನಾನು ಮೂವತ್ತೆಂಟು ವರ್ಷದಿಂದ ಮತ್ತೆಂತ ಮಾಡ್ತಿರೋದು? ಇವತ್ತು ಎಂತ ಮಾಡ್ಲಿ ಅಂತ ಒಂದು ದಿನ ನಿಮ್ಮನ್ನ ಕೇಳಿದ್ದೀನಾ?"

ಕೇಳಿಲ್ಲ. ಸತ್ಯವಾಗಿ ಕೇಳಿಲ್ಲ.

ನಮ್ಮ ಕಡೆ ಮನೆಗೆ ಬಂದವರನ್ನು ಏನು ತಿನ್ನುತ್ತೀರಿ ಅಂತ ಕೇಳಿದರೆ ಅದು ಅವಮಾನ. ಕೇಳುವುದು ಹೋಟೆಲಿನವರ ಕೆಲಸ. ಬಂದವರ ಮುಂದೆ ತಟ್ಟೆ ಇಡಬೇಕು, ಬಡಿಸಬೇಕು, ಅಷ್ಟೇ. ಇದೇ ಅಳಿಯ ಜಯನಗರದಲ್ಲಿ ಹುಟ್ಟಿ ಬೆಳೆದವನು, ಮದುವೆಯಾದ ವರ್ಷ ಆಷಾಢ ಕಳೆದ ಮೇಲೆ ನಮ್ಮನೆಗೆ ಬಂದ. ಹೊರಗೆ ಹಿಡಿದರೆ ಬಿಡದ ಮಳೆ. ಮೊದಲ ದಿನ ಕಳಲೆ ಪಲ್ಯ, ಎರಡನೇ ದಿನ ಮರಕೆಸದ ಪತ್ರೊಡೆ, ಶ್ರಾವಣದ ಶನಿವಾರವೊಂದನ್ನು ಬಿಟ್ಟು ಆಮೇಲೆ ಗದ್ದೆ ಏಡಿಯ ಸಾರು, ಕೋಳಿ, ಕಡುಬು. ಏಡಿಯ ಕಾಲು ಕಚ್ಚಿ ಒಡೆಯುವುದು ಹೇಗೆಂದು ಗೊತ್ತಾಗದೆ ಹುಡುಗ ಅದನ್ನು ಪೆನ್ಸಿಲಿನ ಹಾಗೆ ಹಿಡಿದು ಕೂತಿದ್ದ. ಪತ್ರೊಡೆಗೆ ಹುಳಿ ಸಾಲದೆ ಗಂಟಲು ಕೆರೆಯತೊಡಗಿ, ತನಗೇನೋ ಆಗಿಹೋಯಿತು ಅಂತ ಗೂಗಲ್ ನೋಡತೊಡಗಿದ. ಸಿಗ್ನಲ್ ಇರಲಿಲ್ಲ. ಅತ್ತೆ ಒಂದು ಚೂರು ಹುಣಿಸೆಹಣ್ಣು ಬಾಯಿಗಿಟ್ಟು, ಮತ್ತೆರಡು ತುಂಡು ಪತ್ರೊಡೆ ತಟ್ಟೆಗಿಟ್ಟಳು. ‘ಸಾಕು ಅತ್ತೆ’ ಅನ್ನುವ ತಪ್ಪು ಮಾಡಿದ್ದ. ಮಲೆನಾಡಿನಲ್ಲಿ ‘ಸಾಕು’ ಅಂದರೆ ಇನ್ನೆರಡು. ‘ಬೇಡವೇ ಬೇಡ’ ಅಂದರೆ ಇನ್ನೊಂದು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಸಾರು ಇಳಿಯುತ್ತೆ.

ಅಂದರೆ ಈ ಜಪಾನಿ ಊಟ ಉಡುಗೊರೆಯೇನಲ್ಲ, ಆರು ವರ್ಷ ಕಾದು ಅಳಿಯ ತೀರಿಸಿಕೊಳ್ಳುತ್ತಿರುವ ಸೇಡು ಅಂತ ನನಗೆ ಆಗಲೇ ಅನುಮಾನ ಬಂತು.

ಹಾಗೆ ನೋಡಿದರೆ ಕಾಫಿ ಬೆಳೆಗಾರನ ಬದುಕೇ ಒಮಕಾಸೆ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಎಷ್ಟು ಸೆಂಟು ಬಡಿಸಬೇಕು ಅನ್ನುವುದು ಮೇಲಿನವನಿಗೆ ಬಿಟ್ಟದ್ದು. ಅರೇಬಿಕಾ ರೇಟು ನ್ಯೂಯಾರ್ಕಿನವರಿಗೆ ಬಿಟ್ಟದ್ದು, ರೋಬಸ್ಟಾ ರೇಟು ಲಂಡನ್ನಿನವರಿಗೆ. ಯಾವ ಗಿಡ ಉಳಿಯಬೇಕು ಅನ್ನುವುದು ಕಾಂಡಕೊರಕಕ್ಕೆ, ಯಾವ ಹಲಸು ಉಳಿಯಬೇಕು ಅನ್ನುವುದು ಆನೆಗೆ. ನಾವು ತಟ್ಟೆ ಮುಂದಿಟ್ಟುಕೊಂಡು ಕೂತವರು. ಬಿಲ್ಲು ಮಾತ್ರ ತಪ್ಪದೆ ಬ್ಯಾಂಕಿನಿಂದ ಬರುತ್ತೆ.

ಊಟಕ್ಕೆ ಮೊದಲು ನಮಗೆ ಹೋಂವರ್ಕು ಬೇರೆ. ‘ಜಿರೋ ಡ್ರೀಮ್ಸ್ ಆಫ್ ಸುಶಿ’ ಅಂತ 2011ರ ಒಂದು ಡಾಕ್ಯುಮೆಂಟರಿ. ಮಗಳು ದಸರಾ ರಜೆಗೆ ಬಂದವಳು ಟೀವಿಗೆ ಏನೋ ಸಿಕ್ಕಿಸಿ ಹಾಕಿ ತೋರಿಸಿದಳು. ಟೋಕಿಯೋದ ಗಿಂಜಾದಲ್ಲಿ, ಮೆಟ್ರೋ ಸ್ಟೇಷನ್ನಿನ ಪಕ್ಕದ ನೆಲಮಾಳಿಗೆಯಲ್ಲಿ ಹತ್ತು ಕುರ್ಚಿಯ ಅಂಗಡಿ. ಜಿರೋ ಓನೋ ಅನ್ನುವ ಮುದುಕ ನಿಂತು ಅನ್ನ ಅಮುಕಿ, ಮೇಲೆ ಮೀನಿಟ್ಟು ಕೊಡುತ್ತಾನೆ. 2007ರಲ್ಲಿ ಮಿಶೆಲಿನ್‌ನವರು ಟೋಕಿಯೋಗೆ ಮೊದಲ ಗೈಡು ತಂದಾಗ ಈ ನೆಲಮಾಳಿಗೆಗೆ ಮೂರು ನಕ್ಷತ್ರ ಕೊಟ್ಟರು. 2014ರಲ್ಲಿ ಅಮೆರಿಕದ ಒಬಾಮಾನನ್ನು ಜಪಾನಿನ ಪ್ರಧಾನಿ ಅಬೆ ಕರೆದುಕೊಂಡು ಹೋಗಿ ಕೂರಿಸಿದ್ದೂ ಇಲ್ಲೇ. ಆಮೇಲೆ 2019ರಲ್ಲಿ ಮಿಶೆಲಿನ್‌ನವರು ಗೈಡಿನಿಂದ ಈ ಅಂಗಡಿಯನ್ನೇ ತೆಗೆದರು. ರುಚಿ ಕೆಟ್ಟಿತು ಅಂತಲ್ಲ, ಸಾಮಾನ್ಯ ಜನಕ್ಕೆ ಅಲ್ಲಿ ಸೀಟು ಬುಕ್ ಮಾಡಲಿಕ್ಕೇ ಆಗುವುದಿಲ್ಲ ಅಂತ! ಜಿರೋ ಹುಟ್ಟಿದ್ದು 1925ರಲ್ಲಿ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ ವರ್ಷ. ಇಬ್ಬರಿಗೂ ನೂರು ತುಂಬಿತು. ನೂರು ವರ್ಷ ಒಂದೇ ಕೆಲಸವನ್ನು ಹಟ ಹಿಡಿದು ಮಾಡುವುದು ಎಂಥ ಕಷ್ಟ ಅಂತ ಬಾಳೆಹೊನ್ನೂರಿನ ದಾರಿಯಲ್ಲಿರುವ ನಮಗೆ ಸ್ವಲ್ಪ ಗೊತ್ತು.

ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಮುದುಕ ಗಿರಾಕಿಯ ಕೈ ನೋಡುತ್ತಾನೆ. ಎಡಚ ಅಂತ ಗೊತ್ತಾದರೆ ಮುಂದಿನ ತುತ್ತನ್ನು ಅವನ ಎಡಗೈಗೆ ಸುಲಭವಾಗುವ ಹಾಗೆ ಇಡುತ್ತಾನೆ. ಹೆಂಗಸರಿಗೆ ತುತ್ತು ಸ್ವಲ್ಪ ಚಿಕ್ಕದು ಮಾಡುತ್ತಾನೆ, ಎಲ್ಲರೂ ಒಟ್ಟಿಗೆ ಮುಗಿಸಲಿ ಅಂತ. "ಚಿಕ್ಕದು ಯಾಕೆ?" ಅಂತ ನಮ್ಮವಳು ಅಲ್ಲೇ ಟೀವಿ ಜೊತೆ ಜಗಳ ತೆಗೆದಳು. ಅದು ಬೇರೆ ಮಾತು.

ಬೆಂಗಳೂರಿಗೂ ಜಪಾನಿಗೂ ನಂಟು ಇಂದಿನದೇನಲ್ಲ. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬಂದವರು. ಅವರು ಅಲ್ಲಿಂದ ತಂದದ್ದು ಕೈಗಾರಿಕೆ, ವಿದ್ಯಾಭ್ಯಾಸದ ಯೋಚನೆ. ಹಸಿ ಮೀನು ತರಲಿಲ್ಲ, ಪುಣ್ಯಾತ್ಮರು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಜಪಾನಿನ ಸಂಸಾರಗಳೂ ಬಂದವು, ಅವರ ಹಿಂದೆ ಅವರ ಊಟವೂ ಬಂತು. ರೆಸಿಡೆನ್ಸಿ ರಸ್ತೆಯ ಹರಿಮಾದ ಹೆಸರು ಹೇಳುವ ಹಳಬರು ಇದ್ದಾರೆ. ಈಗ ಹುಡುಗರ ಬಾಯಲ್ಲಿರುವುದು 2022ರಲ್ಲಿ ಕೆ.ಎಚ್. ರಸ್ತೆಯಲ್ಲಿ ಶುರುವಾದ ನಾರು ನೂಡಲ್ ಬಾರ್. ಹೆಸರಿನಿಂದಲೇ ಕೊಡಗಿನ ಕಡೆಯವರು ಅಂತ ಗೊತ್ತಾಗುವ ಕವನ್ ಕುಟ್ಟಪ್ಪ ಅಲ್ಲಿನ ಬಾಣಸಿಗ. ಅದು ಒಮಕಾಸೆ ಅಲ್ಲ, ರಾಮೆನ್ ಅಂಗಡಿ, ಸಾರಿನಲ್ಲಿ ಶಾವಿಗೆ. ಅಲ್ಲೂ ಕೆಲವೇ ಸೀಟು, ಬುಕಿಂಗ್ ತೆರೆದ ನಿಮಿಷಗಳಲ್ಲಿ ಖಾಲಿಯಾಗುತ್ತದಂತೆ. ನಾರು ಅಂದರೆ ಜಪಾನಿಯಲ್ಲಿ ‘ಆಗು’ ಅನ್ನುವ ಅರ್ಥ ಅಂತ ಮಗಳು ಹೇಳಿದಳು. ಕನ್ನಡದಲ್ಲೂ ಶಾವಿಗೆ ಅಂಗಡಿಗೆ ನಾರು ಅನ್ನುವ ಹೆಸರು ತಪ್ಪೇನಲ್ಲ ಅಂತ ನಾನು ಸೇರಿಸಿದೆ. ಯಾರೂ ನಗಲಿಲ್ಲ.

ನಾವು ಹೋದ ಜಾಗದ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮವಳನ್ನು ಅಲ್ಲಿ ಮತ್ತೆ ಒಳಗೆ ಬಿಡಲಿಕ್ಕಿಲ್ಲ. ಒಂದು ಗಲ್ಲಿ, ಬೋರ್ಡಿಲ್ಲದ ಬಾಗಿಲು. "ಗೋಡೌನಿಗೆ ಕರ್ಕೊಂಡು ಬಂದಿದ್ದಾನೆ" ಅಂದಳು. ಒಳಗೆ ಒಂದೇ ಹಲಗೆಯ ಉದ್ದನೆಯ ಮೇಜು. ಮರ ನೋಡಿ ಬೆಲೆ ಕಟ್ಟುವುದು ನಮ್ಮ ಕಡೆಯವರಿಗೆ ರಕ್ತದಲ್ಲೇ ಇದೆ, ಎಷ್ಟು ಅಡಿ, ಯಾವ ಜಾತಿ ಅಂತ ಬೆರಳಲ್ಲಿ ತಟ್ಟಿ ನೋಡಿದೆ. ಮಗಳು ಕಣ್ಣು ಬಿಟ್ಟಳು. ಬಿಸಿ ಬಟ್ಟೆ ಸುತ್ತಿ ಕೊಟ್ಟರು, ಮುಖ, ಕುತ್ತಿಗೆ ಎಲ್ಲ ಒರೆಸಿಕೊಂಡೆ. ಕೈ ಮಾತ್ರ ಒರೆಸಬೇಕಂತೆ. ಎದುರಿಗೆ ನಿಂತ ಬಾಣಸಿಗ ಜಪಾನಿಯೇನಲ್ಲ, ನಮ್ಮ ದೇಶದ ಹುಡುಗನೇ. ಟೋಕಿಯೋದಲ್ಲಿ ಕಲಿತು ಬಂದವನಂತೆ. ಮುಖದಲ್ಲಿ ಪೂಜೆಗೆ ನಿಂತ ಭಟ್ಟರ ಶಾಂತಿ.

ಮೊದಲು ಬಂದದ್ದು ಅಂಗೈಯಗಲದ ಬಟ್ಟಲು. ಒಳಗೆ ಒಂದು ಗೆಡ್ಡೆ. ಒಂದೇ. ಸಿಪ್ಪೆ ತೆಗೆದ ರೀತಿಯಲ್ಲೇ ಆರು ಮೂಲೆ ಬಂದಿತ್ತು, ಒಡವೆ ಅಂಗಡಿಯಲ್ಲಿ ಇಡಬಹುದು ಅನ್ನುವ ಹಾಗೆ. ಸತೋಯಿಮೊ ಅಂದ ಹುಡುಗ. ನಮ್ಮವಳು ಬಾಯಿಗಿಟ್ಟವಳು ನನ್ನ ಕಡೆ ತಿರುಗಿ, "ಕೆಸುವಿನ ಗೆಡ್ಡೆ ಕಣ್ರೀ" ಅಂದಳು. ಹೌದು, ಅದೇ. ನಮ್ಮ ಹಿತ್ತಿಲಿನ ಕೆಸು, ಅವರ ಸತೋಯಿಮೊ ಒಂದೇ ಗಿಡ. ನಮ್ಮಲ್ಲಿ ರಾತ್ರಿ ಕಾಡುಹಂದಿ ಬಂದು ಅಗೆದು ತಿಂದು ಹೋಗುತ್ತೆ. ಅದಕ್ಕೆ ಯಾರೂ ಆರು ಮೂಲೆ ಮಾಡಿ ಕೊಡುವುದಿಲ್ಲ, ಬಿಲ್ಲೂ ಕೊಡುವುದಿಲ್ಲ.

ಆಮೇಲೆ ಸಾರು. ನೀರಿನಷ್ಟೇ ತಿಳಿ. ಕೊಂಬು ಅನ್ನುವ ಸಮುದ್ರದ ಪಾಚಿ, ಜೊತೆಗೆ ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಟ್ಯೂನಾ ಜಾತಿಯ ಮೀನು. ಅದನ್ನು ಬಡಗಿ ಕೀಸುಳಿ ಹಾಕಿದ ಹಾಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸುತ್ತಾರೆ. ಲಕ್ಷದ್ವೀಪದಲ್ಲೂ ಇಂಥದೇ ಒಣಮೀನು ಮಾಡುತ್ತಾರೆ, ಮಾಸ್ ಅನ್ನುತ್ತಾರೆ. ಇದೇ ಕೊಂಬು ಸಾರಿನ ರುಚಿ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡು ಇಕೆದಾ ಅನ್ನುವ ರಸಾಯನ ವಿಜ್ಞಾನಿ 1908ರಲ್ಲಿ ಗ್ಲುಟಮೇಟನ್ನು ಹಿಡಿದು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟ. ಸಿಹಿ, ಹುಳಿ, ಉಪ್ಪು, ಕಹಿ ಆದ ಮೇಲೆ ಐದನೆಯದು. ನಮ್ಮವಳು ಒಂದು ಗುಟುಕು ಕುಡಿದು, "ಒಗ್ಗರಣೆ ಹಾಕೋದು ಮರೆತಿದ್ದಾರೆ, ಹೇಳಿಬಿಡು ಪಾಪ" ಅಂತ ಮಗಳ ಕಿವಿಯಲ್ಲಿ ಹೇಳಿದಳು. ಆದರೆ ಸುಳ್ಳು ಹೇಳಬಾರದು, ಆ ಸಾರು ನುಂಗಿದ ಮೇಲೂ ನಾಲಿಗೆಯ ಮೇಲೆ ಬಹಳ ಹೊತ್ತು ಕೂತೇ ಇತ್ತು. ಎದ್ದು ಹೋಗಲು ಮನಸ್ಸಿಲ್ಲದ ನೆಂಟರ ಹಾಗೆ.

ಮೂರನೆಯದರಲ್ಲಿ ನಮ್ಮವಳು ಗೆದ್ದಳು. ತಟ್ಟೆಯಲ್ಲಿ ಎರಡು ಬಿಲ್ಲೆ ಎಳೆ ಬಿದಿರು. ಹುಡುಗ ಒಂದು ಪುಟ್ಟ ಹಸಿರೆಲೆ ತೆಗೆದು, ಅಂಗೈ ಮೇಲಿಟ್ಟು, ಇನ್ನೊಂದು ಕೈಯಿಂದ ಚಟ್ ಅಂತ ತಟ್ಟಿ ಅದರ ಮೇಲಿಟ್ಟ. ಹಾಗೆ ತಟ್ಟಿದರೆ ಎಲೆಯ ಪರಿಮಳ ಹೊರಗೆ ಬರುತ್ತದಂತೆ. ಪರಿಮಳ ಬಂದದ್ದೇ ಇವಳು ಕುರ್ಚಿಯಿಂದ ಅರ್ಧ ಎದ್ದಳು.

"ಜುಮ್ಮನಕಾಯಿ!"

ಹುಡುಗ ಅದು ಸಾನ್ಶೋ ಗಿಡದ ಎಲೆ ಅಂದ. ಮಗಳು ಮೊಬೈಲ್ ತೆಗೆದು ನೋಡಿದಳು. ಎರಡೂ ಒಂದೇ ಕುಲ, ಅಣ್ಣ ತಮ್ಮಂದಿರ ಮಕ್ಕಳು. ನಮ್ಮ ತೋಟದಲ್ಲಿ ಮೈತುಂಬ ಮುಳ್ಳು ಹೊತ್ತು ನಿಲ್ಲುವ ಜುಮ್ಮನ ಮರ, ಮೀನು ಸಾರಿಗೆ ನಾಲ್ಕು ಕಾಯಿ ಜಜ್ಜಿ ಹಾಕಿದರೆ ನಾಲಿಗೆ ಜುಮ್ ಅನ್ನುತ್ತಲ್ಲ, ಅದರ ಜಪಾನಿ ದಾಯಾದಿ ಇದು. ಅಲ್ಲಿಂದ ಇವಳು ಬಿದಿರಿಗೆ ಬಂದಳು. "ಎಷ್ಟು ದಿನ ನೆನೆಸಿದ್ರಿ?" ಅಂತ ಹುಡುಗನನ್ನೇ ಕನ್ನಡದಲ್ಲಿ ಕೇಳಿದಳು. ಜಪಾನಿನವರು ನೆನೆಸುವುದಿಲ್ಲ, ಅಕ್ಕಿ ತೌಡು ಹಾಕಿ ಕುದಿಸಿ ಕಹಿ ತೆಗೆಯುತ್ತಾರೆ ಅಂತ ಮಗಳು ಅನುವಾದ ಮಾಡಿದಳು. ನಮ್ಮ ಮನೆಯಲ್ಲಿ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸದೆ ಕಳಲೆ ಒಲೆ ಹತ್ತುವಂತಿಲ್ಲ. ತೌಡಿನ ವಿಷಯ ಕೇಳಿ ಇವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೌಡನ್ನು ದನಕ್ಕೆ ಹಾಕಿ ಹಾಕಿ ಇಷ್ಟು ವರ್ಷ ವ್ಯರ್ಥ ಮಾಡಿದೆನಲ್ಲ ಅಂತ ಯೋಚಿಸುತ್ತಿದ್ದಳೋ ಏನೋ.

ನಡುವೆ ಒಂದು ಮುಚ್ಚಳದ ಬಟ್ಟಲಲ್ಲಿ ಹಬೆಯಲ್ಲಿ ಬೇಯಿಸಿದ ಮೊಟ್ಟೆ ಬಂತು, ನೋಡಲು ಗಿಣ್ಣು, ತಿನ್ನಲು ಉಪ್ಪು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಣ್ಣು ಅಂದುಕೊಂಡು ಬಾಯಿಗಿಟ್ಟವನಿಗೆ ಉಪ್ಪು ಸಿಕ್ಕರೆ ಆಗುವ ದುಃಖ ಅನುಭವಿಸಿದವನಿಗೇ ಗೊತ್ತು.

ಕೊನೆಗೆ ಸುಶಿ. ಇಲ್ಲಿಂದ ಒಂದೊಂದೇ ತುತ್ತು, ಕೈಯಿಂದ ಕೈಗೆ. ಹುಡುಗ ಎಡಗೈಯಲ್ಲಿ ಮೀನಿನ ಹೋಳು, ಬಲಗೈಯಲ್ಲಿ ಒಂದು ಚಿಟಿಕೆ ವಸಾಬಿ, ಒಂದು ಹಿಡಿ ಅನ್ನ ತೆಗೆದು, ಎರಡು ಸಲ ಅಮುಕಿ, ಮೇಲೊಂದು ಬ್ರಷ್ಷಿನಿಂದ ಸೋಯಾ ಸಾರು ಸವರಿ ಮುಂದಿಡುತ್ತಾನೆ. ಇಟ್ಟ ಕೂಡಲೇ ತಿನ್ನಬೇಕು, ಫೋಟೋ ತೆಗೆಯುತ್ತಾ ಕೂತರೆ ಅವನ ಮುಖ ಬಾಡುತ್ತೆ. ಇದಕ್ಕೆ ನಿಗಿರಿ ಅನ್ನುತ್ತಾರೆ. ನಿಗಿರಿ ಅಂದರೆ ಹಿಡಿದದ್ದು, ಮುಷ್ಟಿಯಲ್ಲಿ ಅಮುಕಿದ್ದು. ಅಂದರೆ ಹಿಡಿ ಕಡುಬು! ಕೈಯಲ್ಲೇ ತಿನ್ನಬಹುದು ಅಂತ ಅವನೇ ಹೇಳಿದಾಗ ನನಗೆ ಹೋದ ಜೀವ ಬಂತು. ಅಲ್ಲಿಯವರೆಗೆ ಆ ಎರಡು ಕಡ್ಡಿ ಹಿಡಿದು ನಾನು ಪಟ್ಟ ಪಾಡು ಏಡಿ ಹಿಡಿದ ಅಳಿಯನ ಪಾಡೇ. ಅವನು ನನ್ನನ್ನು ನೋಡಿ ನಗಲಿಲ್ಲ. ನಗದಿದ್ದದ್ದೇ ಜಾಸ್ತಿ ಚುಚ್ಚಿತು.

ಈ ನಿಗಿರಿ ಸುಶಿ ದೊಡ್ಡವರ ಮನೆಯ ಪದಾರ್ಥವೇನಲ್ಲ. ಇನ್ನೂರು ವರ್ಷದ ಹಿಂದೆ ಟೋಕಿಯೋಗೆ ಎಡೋ ಅಂತ ಹೆಸರಿದ್ದಾಗ ರಸ್ತೆ ಬದಿಯ ಗಾಡಿಯಲ್ಲಿ ಅವಸರದ ಜನ ನಿಂತು ತಿನ್ನುತ್ತಿದ್ದ ತಿಂಡಿ. ಹಾನಾಯಾ ಯೋಹೇ ಅನ್ನುವವನ ಹೆಸರು ಹೇಳುತ್ತಾರೆ. ಆಗಿನ ತುತ್ತು ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿತ್ತಂತೆ. ಗೌರವ ಹೆಚ್ಚಿದ ಹಾಗೆ ಗಾತ್ರ ಕಮ್ಮಿಯಾಗುವುದು ಸುಶಿಗೂ ಸಾಹಿತಿಗಳಿಗೂ ಸಮ. ನಮ್ಮ ಆಲ್ದೂರಿನ ಗಾಡಿಯ ಮಸಾಲೆ ಪೂರಿಗೂ ಮುಂದೊಂದು ದಿನ ಎಂಟೇ ಸೀಟಿನ ಯೋಗ ಬರಬಹುದು, ಈಗಲೇ ಹೊಟ್ಟೆ ತುಂಬ ತಿಂದಿಟ್ಟುಕೊಳ್ಳಿ.

ವಸಾಬಿ ಬಗ್ಗೆ ಒಂದು ಮಾತು. ತಣ್ಣನೆಯ ಹರಿಯುವ ಹಳ್ಳದ ನೀರು, ಮೇಲೆ ನೆರಳು ಇದ್ದರೆ ಚೆನ್ನಾಗಿ ಬೆಳೆಯುವ ಗಿಡ ಅದು, ಸಾಸಿವೆಯ ಕುಲ. ತುರಿದ ಕಾಲು ಗಂಟೆಯಲ್ಲಿ ಅದರ ಘಾಟು ಹಾರಿಹೋಗುತ್ತೆ. ಆದ್ದರಿಂದಲೇ ಜಗತ್ತಿನ ಬಹುಪಾಲು ಅಂಗಡಿಗಳಲ್ಲಿ ಕೊಡುವುದು ಹಾರ್ಸ್‌ರ್ಯಾಡಿಷ್ ಅನ್ನುವ ಬೇರೆ ಬೇರಿಗೆ ಸಾಸಿವೆ, ಹಸಿರು ಬಣ್ಣ ಬೆರೆಸಿದ ಮುದ್ದೆ. ಇಲ್ಲಿ ಮಾತ್ರ ಒರಟು ಹಲಗೆಯ ಮೇಲೆ ಕಣ್ಣೆದುರೇ ತೇಯ್ದ. ಮೂಗಿನಿಂದ ನೆತ್ತಿಗೆ ಏರಿದ್ದೇ ತಡ, "ಹಸಿ ಸಾಸಿವೆ ಅರೆದಿದ್ದಾರೆ" ಅಂದಳು. ಕುಲ ಹಿಡಿಯುವುದರಲ್ಲಿ ಅವಳು ಯಾವತ್ತೂ ತಪ್ಪುವುದಿಲ್ಲ. ಮಗಳ ಜಾತಕ ತಂದವರನ್ನು ಕೇಳಿ ನೋಡಿ.

ಆಮೇಲೆ ಟ್ಯೂನಾ. ಹುಡುಗ ಎರಡೂ ಕೈಯಲ್ಲಿ ಹಿಡಿದು ತೋರಿಸಿದ, ಕೆಂಪಗೆ ದಾಳಿಂಬೆಯ ಹಾಗೆ. ಟೋಕಿಯೋದ ತೊಯೊಸು ಮಾರುಕಟ್ಟೆಯಿಂದ ವಿಮಾನದಲ್ಲಿ ಬಂದದ್ದು, ಹತ್ತು ದಿನ ಹದ ಮಾಡಿ ಇಟ್ಟದ್ದು ಅಂದ. ಮಗಳು ಅನುವಾದ ಮಾಡುವುದೋ ಬೇಡವೋ ಅಂತ ತಡವರಿಸಿದಳು. ಮಾಡಿದಳು.

"ಹತ್ತು ದಿನದ ಮೀನಾ?"

ಮೀನನ್ನು ಹೀಗೆ ತಣ್ಣಗೆ ಹದಮಾಡಿಟ್ಟು ರುಚಿ ಏರಿಸುವುದು ಅಲ್ಲಿನ ಹಳೆಯ ವಿದ್ಯೆಯಂತೆ. ಆದರೆ ಆಲ್ದೂರಿನ ಮೀನಿನವನು ಒಂದು ಸಲ, ಒಂದೇ ಸಲ, ನಿನ್ನೆಯ ಬೂತಾಯಿಯನ್ನು ಇವತ್ತಿನದು ಅಂತ ಕೊಟ್ಟು, ಆಮೇಲೆ ಮೂರು ವಾರ ನಮ್ಮ ಗೇಟಿನ ಮುಂದೆ ಹಾರನ್ ಹೊಡೆಯಲು ಹೆದರಿದ್ದ. ಅಂಥವಳ ಮುಂದೆ ಹತ್ತು ದಿನ ಅಂತ ಹೆಮ್ಮೆಯಿಂದ ಹೇಳುತ್ತಾನಲ್ಲ ಈ ಹುಡುಗ! ನಾನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ಅಗಿಯುವ ಕೆಲಸವೇ ಇರಲಿಲ್ಲ. ಬೆಣ್ಣೆ. ಪಕ್ಕಕ್ಕೆ ನೋಡಿದರೆ ಇವಳ ಬೆರಳುಗಳೂ ಖಾಲಿ, ಮುಖದಲ್ಲಿ ಸೋತವರ ನಗು. ಹುಡುಗನ ಕಡೆ ನೋಡಿ, "ಇದು ಪರವಾಗಿಲ್ಲ, ಇನ್ನೊಂದು ಹಾಕಿ" ಅಂದಳು.

ಹುಡುಗ ತಲೆಬಾಗಿದ. ಅಷ್ಟೇ. ಹಾಕಲಿಲ್ಲ. ಇನ್ನೊಂದು ಬೇಕಿದ್ದರೆ ಕೊನೆಯಲ್ಲಿ ಕೇಳಬಹುದು, ಅದಕ್ಕೆ ಬೇರೆ ಲೆಕ್ಕ ಅಂತ ಅಳಿಯ ಮೆಲ್ಲಗೆ ಹೇಳಿದ.

ಬೇರೆ ಲೆಕ್ಕ! ಹಸಿ ಮೀನು, ಹಳೆ ಮೀನು ಎರಡನ್ನೂ ಕ್ಷಮಿಸಿದ್ದ ಇವಳಿಗೆ ಇದೊಂದನ್ನು ಕ್ಷಮಿಸಲಿಕ್ಕಾಗಲಿಲ್ಲ. ಕೂತವರು ಬಾಯಿಬಿಟ್ಟು ಇನ್ನೊಂದು ಅಂದ ಮೇಲೆ ಲೆಕ್ಕ ಎಲ್ಲಿಂದ ಬಂತು? ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಮುಂದೆ ದಿನಾ ಎಷ್ಟು ಪಂಕ್ತಿ ಏಳುತ್ತೆ, ಅಲ್ಲೂ ಮೆನು ಇಲ್ಲ, ಕೊಟ್ಟದ್ದನ್ನು ಉಣ್ಣಬೇಕು. ಆದರೆ ಇನ್ನೊಂದು ಸೌಟು ಅಂದವರಿಗೆ ಯಾರಾದರೂ ರಸೀದಿ ಹರಿದಿದ್ದಾರಾ?

ನನಗೆ ಮಾತ್ರ ಅಷ್ಟು ಹೊತ್ತಿಗೆ ಮನಸ್ಸು ಬೇರೆಲ್ಲೋ ಹೋಗಿತ್ತು. ಆ ಮೇಜಿನ ಸುತ್ತ ಎಂಟು ಜನ, ನಡುವೆ ನಿಂತು ಒಬ್ಬೊಬ್ಬರ ಮುಂದೆ ಒಂದೊಂದು ತುತ್ತು, ಮಂದ ಬೆಳಕು, ಯಾರದೂ ಮಾತಿಲ್ಲ. ಇದನ್ನು ನಾನು ನೋಡಿದ್ದೇನೆ ಅನ್ನಿಸಿತು. ನಮ್ಮಜ್ಜಿಯ ಕೈತುತ್ತು. ಮಳೆಗಾಲದ ರಾತ್ರಿ, ಬುಡ್ಡಿ ದೀಪ, ಅಡುಗೆ ಮನೆಯಲ್ಲಿ ಎಂಟು ಮೊಮ್ಮಕ್ಕಳು ಅರ್ಧ ಚಂದ್ರದ ಹಾಗೆ. ನಡುವೆ ಅಜ್ಜಿ, ಮಡಿಲಿನಷ್ಟು ಅಗಲದ ಪಾತ್ರೆಯಲ್ಲಿ ಅನ್ನ, ಸಾರು ಕಲಸಿಕೊಂಡು, ಉಂಡೆ ಮಾಡಿ, ನಡುವೆ ಹೆಬ್ಬೆರಳಿಂದ ಒಂದು ಗುಳಿ ಒತ್ತಿ, ಅದರಲ್ಲಿ ಚೂರು ಮಿಡಿ ಉಪ್ಪಿನಕಾಯಿಯ ರಸ ಬಿಟ್ಟು ಸಾಲಾಗಿ ಅಂಗೈಗೆ ಇಡುತ್ತಿದ್ದಳು. ಜ್ವರ ಬಿಟ್ಟವನಿಗೆ ಮೆತ್ತಗೆ, ಖಾರ ಆಗದವಳಿಗೆ ಸಪ್ಪೆ, ನನ್ನಂಥ ಹೊಟ್ಟೆಬಾಕನಿಗೆ ದೊಡ್ಡದು. ಯಾರೂ ಫಾರಂ ತುಂಬಿರಲಿಲ್ಲ. ಜಿರೋ ಎಡಚನಿಗೆ ಎಡಗಡೆ ಇಡುತ್ತಾನೆ. ನಮ್ಮಜ್ಜಿ ಎಡಗೈ ಚಾಚಿದವನ ಕೈಗೆ ಒಂದು ಏಟು ಹಾಕಿ ಬಲಗೈ ಚಾಚಿಸುತ್ತಿದ್ದಳು. ಅಷ್ಟೇ ವ್ಯತ್ಯಾಸ.

ಅಜ್ಜಿಯ ಆ ಗುಳಿಯ ರುಚಿ ನನಗೆ ಇವತ್ತಿಗೂ ನೆನಪಿದೆ. ಆದರೆ ಮದುವೆಯಾದಲ್ಲಿಂದ ಒತ್ತಾಯಕ್ಕೆ ತಿಂದ ಐದನೇ ಕಡುಬು, ಏಳನೇ ಹೋಳಿಗೆ, ಇವುಗಳಲ್ಲಿ ಒಂದರ ರುಚಿಯೂ ನೆನಪಿಲ್ಲ. ಆ ಹುಡುಗ ಒಂದಕ್ಕೇ ನಿಲ್ಲಿಸಿದ್ದು ಜಿಪುಣತನಕ್ಕೆ ಅಲ್ಲವೇನೋ. ಇದನ್ನು ನಾನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ವಾಪಸ್ ಹೋಗಿ ಊಟ ಮಾಡಬೇಕಾದವನು ನಾನು.

ಒಂದು ಹೋಳು ಕರಬೂಜದ ಹಣ್ಣು ಕೊಟ್ಟು ಮುಗಿಸಿದರು. ಬಿಲ್ಲನ್ನು ಅಳಿಯ ಮುಚ್ಚಿಟ್ಟುಕೊಂಡ, ನಾನು ಓರೆಗಣ್ಣಲ್ಲಿ ನೋಡಿಬಿಟ್ಟೆ. ನಾಲ್ಕು ಜನಕ್ಕೆ ಹತ್ತಿರ ಹತ್ತಿರ ಮೂರು ಮೂಟೆ ರೋಬಸ್ಟಾ ಚೆರ್ರಿ. ಕುಯ್ದು, ಒಣಗಿಸಿ, ಮೂಟೆ ಹೊಲಿದು, ಲಾರಿಗೆ ಹತ್ತಿಸಿದ ಮೂರು ಮೂಟೆ.

ಜಪಾನಿನಲ್ಲಿ ಕೈಸೆಕಿ ಅನ್ನುವ ಇನ್ನೊಂದು ದೊಡ್ಡ ಊಟ ಇದೆಯಂತೆ. ಅದನ್ನು ಬರೆಯುವ ಒಂದು ರೀತಿಗೆ ‘ಎದೆಯ ಕಲ್ಲು’ ಅಂತ ಅರ್ಥ. ಹಿಂದೆ ಸನ್ಯಾಸಿಗಳು ಹಸಿವು ತಡೆಯಲು ಬಿಸಿ ಕಲ್ಲನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ದಾರಿಯಲ್ಲಿ ಅಳಿಯ ಇದನ್ನು ಹೇಳಿದಾಗ, ಆ ಕಲ್ಲು ಎಲ್ಲಿ ಸಿಗುತ್ತೆ ಅಂತ ನಾನು ಕೇಳುತ್ತೇನೆ, ಆಮೇಲೆ ನಾಲ್ವರೂ ಯಾವುದಾದರೂ ದರ್ಶಿನಿಗೆ ನುಗ್ಗಿ ಮಸಾಲೆ ದೋಸೆ ತಿನ್ನುತ್ತೇವೆ ಅಂತ ನೀವು ಕಾಯುತ್ತಿರಬಹುದು. ಇಲ್ಲ ಮಾರಾಯ್ರೇ. ಹೊಟ್ಟೆ ತುಂಬಿತ್ತು. ಎರಡೂವರೆ ಗಂಟೆ ಒಂದೊಂದೇ ತುತ್ತು ತಿಂದರೆ ಯಾರ ಹೊಟ್ಟೆಯಾದರೂ ತುಂಬುತ್ತೆ ಅಂತ ನನಗೂ ಆವತ್ತೇ ಗೊತ್ತಾದದ್ದು.

ಊರಿಗೆ ಬಂದ ಮೇಲೆ ಒಂದು ವಾರ ನಾನು ಅನುಭವಿಸಿದ್ದೇನೆ. ಬೆಳಿಗ್ಗೆ ದೊಡ್ಡ ತಟ್ಟೆ ತಂದು ಮುಂದಿಡುವುದು, ನಡುವೆ ಒಂದು ಕಡುಬು, ಅಂಚಿಗೆ ಒಂದು ಚಿಟಿಕೆ ಚಟ್ನಿ, ಮೇಲೊಂದು ಕೊತ್ತಂಬರಿ ಎಲೆಯನ್ನು ಅಂಗೈಯಲ್ಲಿ ಚಟ್ ಅಂತ ತಟ್ಟಿ ಇಡುವುದು. ತಲೆಬಾಗಿ ನಿಂತು ನನ್ನ ಮುಖ ನೋಡುವುದು.

"ಇನ್ನೊಂದು ಹಾಕೇ."

"ಬೇರೆ ಲೆಕ್ಕ."

ಈಗ ಅಳಿಯ ಮತ್ತೆ ಫೋನು ಮಾಡಿದ್ದಾನೆ. ಆಗಸ್ಟಿನಲ್ಲಿ ಆಫೀಸಿನ ಸ್ನೇಹಿತರನ್ನು ಕರೆದುಕೊಂಡು ಬರುತ್ತಾನಂತೆ, ಒಟ್ಟು ಎಂಟು ಜನ. ಅತ್ತೆಯ ಕೈ ಊಟದ ಬಗ್ಗೆ ಅವರಿಗೆಲ್ಲ ಹೇಳಿಟ್ಟಿದ್ದಾನಂತೆ. ಯಾರಿಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಪಟ್ಟಿ ಕಳಿಸಲಾ ಅಂತ ಕೇಳಿದ. ಬೇಡ ಅಂದಳು. ಬಿದಿರು ನಮ್ಮ ಬೇಲಿಯದೇ, ಫಾರೆಸ್ಟಿನವರ ಹಂಗಿಲ್ಲ. ಏಡಿಗೆ ಗದ್ದೆ ಬಯಲಿನ ಹುಡುಗರಿಗೆ ಹೇಳಿಯಾಗಿದೆ. ತೌಡಿನ ಪ್ರಯೋಗ ಮಾಡುವುದಿಲ್ಲವಂತೆ.

ನೀವೂ ಮಳೆಗಾಲದಲ್ಲಿ ಆಲ್ದೂರಿನ ಕಡೆ ಬರುವುದಿದ್ದರೆ ಬನ್ನಿ. ತಿಂಗಳ ಮುಂಚೆ ಬುಕ್ ಮಾಡುವುದು ಬೇಡ, ಮೂರು ದಿನ ಮುಂಚೆ ಒಂದು ಫೋನು ಮಾಡಿ. ಕಳಲೆ ನೆನೆಯಬೇಕು.